"ಮಾತಲ್ಲಿ ಬಳ್ಳಾರಿ ಜಾಸ್ತಿ": ಕಂಠದಾನ ಕಲಾವಿದೆಯಾಗಬೇಕೆಂದ ಹುಡುಗಿಯ ಪ್ರಕರಣ

ಈಕೆಯನ್ನು ರೇಣುಕಾ ಅಂತ ಕರೆಯೋಣ. ಹೆಸರು, ವಯಸ್ಸು, ಕೆಲಸದ ವಿವರ ಬದಲಿಸಿದ್ದೇನೆ. ಬರೆಯುವುದಕ್ಕೆ ಆಕೆಯ ಒಪ್ಪಿಗೆ ಇದೆ.

26ರ ಆಸುಪಾಸಿನ ಹುಡುಗಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕಡೆ ಲೆಕ್ಕ ಬರೆಯುತ್ತಾಳೆ, ಸಂಜೆ ಹವ್ಯಾಸಿ ತಂಡದ ಜೊತೆ ನಾಟಕದ ತಾಲೀಮು. ಅವಳ ದನಿ ಎಳೆ ಮಗುವಿನ ದನಿ. ಫೋನ್ ಎತ್ತಿದರೆ "ಪುಟ್ಟಾ, ಅಮ್ಮಂಗೆ ಕೊಡು" ಅನ್ನುತ್ತಾರಂತೆ. ಮಕ್ಕಳ ನಾಟಕದಲ್ಲಿ ಮೊಲ, ಗಿಳಿ, ತುಂಟ ಹುಡುಗ ಎಲ್ಲಾ ಪಾತ್ರವೂ ಇವಳಿಗೇ. ಕಾರ್ಟೂನುಗಳಿಗೆ ದನಿ ಕೊಡಬೇಕು ಅನ್ನುವುದು ಬಹಳ ದಿನದ ಆಸೆ.

ಸಲಹೆ ಕೇಳಿಕೊಂಡು ನನ್ನ ಹತ್ತಿರ ತಂದಿದ್ದ ಪ್ರಶ್ನೆ ಒಂದೇ: ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಲೋ ಬೇಡವೋ? ಮಾತಾಡುತ್ತಾ ಹೋದಂತೆ ಬೇರೆಯದೇ ನೋವು ಹೊರಗೆ ಬಂತು. ಒಂದು ಸ್ಟುಡಿಯೋದಲ್ಲಿ ದನಿ ಪರೀಕ್ಷೆಗೆ ಹೋಗಿದ್ದಾಗ ಯಾರೋ ಹೇಳಿದ್ದರು, "ವಾಯ್ಸ್ ಚೆನ್ನಾಗಿದೆ, ಆದ್ರೆ ಮಾತಲ್ಲಿ ಬಳ್ಳಾರಿ ಜಾಸ್ತಿ." ಅಷ್ಟೇ. ಅಂದಿನಿಂದ ಮನೆಯಲ್ಲೂ ಅಳೆದು ತೂಗಿ ಮಾತಾಡತೊಡಗಿದಳು. ಅಮ್ಮ ಊಟಕ್ಕೆ ಕರೆದರೆ ವಾರ್ತೆ ಓದಿದ ಹಾಗೆ ಉತ್ತರ. ಮನೆಯಲ್ಲಿ ಅಜ್ಜಿಯ ಜೊತೆ ತೆಲುಗು ಆಡುತ್ತಿದ್ದಳು, ಬಳ್ಳಾರಿಯಲ್ಲಿ ಇದು ಎಷ್ಟೋ ಮನೆಗಳ ಕತೆ. ಕನ್ನಡದ ಉಚ್ಚಾರ ಕೆಡುತ್ತದೆ ಅಂತ ಅದನ್ನೂ ನಿಲ್ಲಿಸಿಬಿಟ್ಟಳು. ಅಜ್ಜಿಗೆ ಕನ್ನಡ ಸರಿಯಾಗಿ ಬರುವುದಿಲ್ಲ. ಮಗಳಿಗೆ ಸೊಕ್ಕು ಬಂತು ಅಂತ ಮನೆಯವರು ಅಂದುಕೊಂಡರು. ಇವಳು ರಾತ್ರಿ ಫ್ಯಾನ್ ಆರಿಸಿ, ಬಾಗಿಲು ಹಾಕಿಕೊಂಡು, ಮೊಬೈಲಿನಲ್ಲಿ ತನ್ನ ದನಿ ರೆಕಾರ್ಡ್ ಮಾಡುವುದು, ಕೇಳುವುದು, ಅಳಿಸುವುದು, ಮತ್ತೆ ಮಾಡುವುದು. ಗಂಟಲು ಕಟ್ಟಿ ತಿಂಗಳ ಮೇಲಾಗಿತ್ತು.

ಮೊದಲು ಗಂಟಲು ಅಂದೆ. ದನಿ ಒಡೆದು ಮೂರು ನಾಲ್ಕು ವಾರ ಕಳೆದರೂ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಲೇಬೇಕು, ಅವರು ಕ್ಯಾಮೆರಾ ಹಾಕಿ ನೋಡುತ್ತಾರೆ. ನೋಡಿದಾಗ ಧ್ವನಿ ತಂತುಗಳ ಮೇಲೆ ಸಣ್ಣ ಗಂಟು ಶುರುವಾಗಿತ್ತು. ದನಿಗೆ ಒತ್ತಡ ಕೊಟ್ಟು ಮಾತಾಡುವವರಿಗೆ, ಮೇಷ್ಟ್ರುಗಳಿಗೆ, ಹಾಡುವವರಿಗೆ ಇದು ಆಗುತ್ತದೆ. ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದಿಲ್ಲ, ವಾಕ್ ಚಿಕಿತ್ಸಕರು ಕಲಿಸುವ ಅಭ್ಯಾಸದಲ್ಲೇ ಕಮ್ಮಿಯಾಗುತ್ತದೆ. ಇದಕ್ಕೆ ದೊಡ್ಡ ಜಾಗ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, 1965ರಿಂದ ಇದೆ. ಒಂದು ವಿಷಯ ರೇಣುಕಾಗೆ ಗೊತ್ತಿರಲಿಲ್ಲ: ಗಂಟಲು ಕಟ್ಟಿದಾಗ ಪಿಸುಗುಟ್ಟಿದರೆ ಅದಕ್ಕೆ ವಿಶ್ರಾಂತಿ ಸಿಗುವುದಿಲ್ಲ, ಸುಮ್ಮನಿರುವುದೇ ವಿಶ್ರಾಂತಿ.

ಆಮೇಲೆ ಮಾತಿನ ವಿಷಯ. ಸ್ಟುಡಿಯೋದವರು ಹೇಳಿದ್ದರಲ್ಲಿ ಕೆಲಸಕ್ಕೆ ಸಂಬಂಧಿಸಿದ್ದೂ ಇತ್ತು, ಅದನ್ನು ಮುಚ್ಚಿಡಬಾರದು. ಡಬ್ಬಿಂಗಿನಲ್ಲಿ ಎಲ್ಲಾ ಕಡೆಯವರಿಗೂ ಹೊಂದುವ ಕನ್ನಡ ಕೇಳುತ್ತಾರೆ, ಕಲಿಯಲೇಬೇಕು. ಆದರೆ ಅದು ಮೈಕಿನ ಮುಂದೆ ಮಾತ್ರ ಬೇಕಾದ ಮಾತು. "ನೀನು ಮೊಲದ ಪಾತ್ರ ಮುಗಿಸಿ ಮನೆಗೆ ಹೋದಾಗ ಮೊಲದ ಹಾಗೆ ಕುಪ್ಪಳಿಸ್ತೀಯೇನಮ್ಮಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಿ ನನ್ ಜೊತಿ ಮಾತು ಬಿಟ್ಟಾಳ್ರೀ ಮೇಡಮ್" ಅಂತ ಅತ್ತಳು. ನನ್ನ ಮುಂದೆ ತನ್ನ ಮಾತಿನಲ್ಲಿ ಮಾತಾಡಿದ್ದು ಅದೇ ಮೊದಲು.

ಅಜ್ಜಿಯ ತೆಲುಗು ಅವಳ ಆಸ್ತಿ. ಕಾರ್ಟೂನುಗಳು ಕನ್ನಡಕ್ಕೆ ಬರುವ ಹಾಗೆ ತೆಲುಗಿಗೂ ಬರುತ್ತವೆ, ಎರಡಕ್ಕೂ ದನಿ ಕೊಡಬಲ್ಲವರು ಎಲ್ಲೆಡೆ ಸಿಗುವುದಿಲ್ಲ ಅಲ್ವಾ? ನಮ್ಮೂರ ರಾಘವ ಕಲಾಮಂದಿರ ಯಾರ ಹೆಸರಿನದೋ ಆ ಬಳ್ಳಾರಿ ರಾಘವರು (1880–1946) ತೆಲುಗು, ಕನ್ನಡ, ಇಂಗ್ಲಿಷ್ ಎಲ್ಲದರಲ್ಲೂ ರಂಗದ ಮೇಲೆ ನಿಂತವರು. ವಕೀಲಿಕೆ ಮಾಡಿಕೊಂಡೇ ನಟರಾಗಿದ್ದವರು. ಕೆಲಸ ಬಿಟ್ಟರೆ ಮಾತ್ರ ಕಲಾವಿದೆ ಅನ್ನುವುದು ಅವಳ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು, ಅದಕ್ಕೇ ಅವರ ಹೆಸರು ಎತ್ತಿದೆ.

ಇನ್ನೊಂದು ಹೆದರಿಕೆ, ವಯಸ್ಸಾದ ಮೇಲೆ ಈ ದನಿಯನ್ನು ಯಾರು ಕೇಳುತ್ತಾರೆ ಅಂತ. ಹುಡುಗರ ದನಿ ಹರೆಯದಲ್ಲಿ ಒಡೆಯುತ್ತದೆ, ಅದಕ್ಕೇ ಹುಡುಗರ ಪಾತ್ರಕ್ಕೆ ಹೆಂಗಸರನ್ನು ಹುಡುಕುತ್ತಾರೆ. ಅಮೆರಿಕದ ಕಾರ್ಟೂನು 'ದಿ ಸಿಂಪ್ಸನ್ಸ್'ನ ಹತ್ತು ವರ್ಷದ ಬಾರ್ಟ್‌ಗೆ 1987ರಿಂದ ದನಿ ನ್ಯಾನ್ಸಿ ಕಾರ್ಟ್‌ರೈಟ್ ಅವರದು. ಅವರು ಈಗ ಅರುವತ್ತು ದಾಟಿದವರು.

ಕೆಲಸದ ಬಗ್ಗೆ ಬಿಡಿಸಿ ಹೇಳಿದೆ. ಕನ್ನಡದಲ್ಲಿ ಈ ದುಡಿಮೆ ಇದೆ. 2009ರಲ್ಲಿ ಚಿಂಟು ಟಿವಿ ಬಂತು, ಮಕ್ಕಳು ಕನ್ನಡದಲ್ಲಿ ಕಾರ್ಟೂನು ನೋಡತೊಡಗಿದರು. ಬೇರೆ ಭಾಷೆಯ ಸಿನಿಮಾಗಳು ಕನ್ನಡಕ್ಕೆ ಡಬ್ ಆಗದಂತೆ ಚಿತ್ರರಂಗದವರು ತಡೆದಿದ್ದರು. ಹಾಗೆ ತಡೆಯುವುದು ತಪ್ಪು ಅಂತ, ವ್ಯಾಪಾರದಲ್ಲಿ ನ್ಯಾಯದ ಪೈಪೋಟಿ ನೋಡಿಕೊಳ್ಳುವ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ಕೊಟ್ಟಿತು, ಆಮೇಲೆ ಸಿನಿಮಾಗಳೂ ಬಂದವು. ಆದರೆ ಹೊಸಬರಿಗೆ ತಿಂಗಳ ಸಂಬಳದ ಖಾತ್ರಿ ಇಲ್ಲ, ಮಾಡಿದ ಕೆಲಸಕ್ಕೆ ದುಡ್ಡು. ಹಾಗಾಗಿ ಆರು ತಿಂಗಳ ಖರ್ಚು ಕೈಯಲ್ಲಿ ಕೂಡುವವರೆಗೆ ಕೆಲಸ ಬಿಡಬೇಡ ಅಂದೆ. ಆಕಾಶವಾಣಿಯ ನಾಟಕ ವಿಭಾಗಕ್ಕೆ ದನಿ ಪರೀಕ್ಷೆ ಕೊಡು. ಅಲ್ಲಿ ಬಿ, ಬಿ-ಹೈ, ಎ, ಟಾಪ್ ಅಂತ ಶ್ರೇಣಿ ಇರುತ್ತದೆ, ಗಾಂಭೀರ್ಯವೂ ಅಭ್ಯಾಸವೂ ಬರುತ್ತದೆ. ನಾಟಕದವರು ಕೊನೆಯ ಸಾಲಿಗೆ ಕೇಳಲಿ ಅಂತ ದನಿ ಎಸೆಯುತ್ತಾರೆ. ಮೈಕು ಗೇಣು ದೂರದಲ್ಲಿರುತ್ತದೆ, ಅಲ್ಲಿ ಎಸೆದರೆ ಕೆಡುತ್ತದೆ, ಗಂಟಲೂ ಕೆಡುತ್ತದೆ. ಸ್ಟುಡಿಯೋದವರಿಗೆ ಕೇಳಿಸಲು ಒಂದು, ಒಂದೂವರೆ ನಿಮಿಷದ ದನಿಯ ಮಾದರಿ ಮಾಡಿಟ್ಟುಕೋ, ಅದರಲ್ಲಿ ನಿನ್ನ ಬಳ್ಳಾರಿ ಮಾತಿನ ಒಂದು ಪಾತ್ರವೂ ಇರಲಿ. ಅವಕಾಶ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಅನ್ನುವವರ ಕಡೆ ತಲೆ ಹಾಕಬೇಡ. ಮತ್ತೆ, ಸಹಿ ಮಾಡುವ ಕಾಗದದಲ್ಲಿ ನಿನ್ನ ದನಿಯನ್ನು ಯಂತ್ರಕ್ಕೆ (ಎಐಗೆ) ಕಲಿಸಲು ಬಳಸುತ್ತೇವೆ ಅಂತ ಇದೆಯೋ ನೋಡು. ಪ್ರದರ್ಶಕರ ಹಕ್ಕು, ಅಂದರೆ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲಿರುವ ಹಕ್ಕು, ಕೃತಿಸ್ವಾಮ್ಯ ಕಾಯ್ದೆಯಲ್ಲೇ ಇದೆ, 50 ವರ್ಷ ಇರುತ್ತದೆ, ಅದನ್ನು ಓದದೇ ಬರೆದುಕೊಡಬಾರದು.

ಅಪ್ಪ ಒಂದು ಸಲ ಬಂದಿದ್ದರು. "ಮೇಡಮ್ರೇ, ಹೆಣ್ಣುಮಗಳು ಒಬ್ಬಾಕಿನೇ ಅಲ್ಲಿ ಹೆಂಗಿರ್ತಾಳ್ರೀ?" ಅದು ಸುಮ್ನೆ ವಿರೋಧ ಅಲ್ಲ. ಎಲ್ಲಿ ಉಳಿಯುತ್ತಾಳೆ, ಯಾರ ಪರಿಚಯ, ರಾತ್ರಿ ಸ್ಟುಡಿಯೋ ಮುಗಿದರೆ ಹೇಗೆ ಬರುತ್ತಾಳೆ ಅನ್ನುವುದಕ್ಕೆ ಮಗಳು ಉತ್ತರ ಬರೆದುಕೊಂಡು ಬರಲಿ ಅಂದೆ, ಇಬ್ಬರೂ ಒಪ್ಪಿದರು.

ಈಗ ಗಂಟಲು ಪರವಾಗಿಲ್ಲ. ಆಕಾಶವಾಣಿಗೆ ತಯಾರಿ ನಡೆದಿದೆ. ತೆಲುಗು ಮಾದರಿಯನ್ನು ಅಜ್ಜಿಯೇ ಕೂತು ತಿದ್ದುತ್ತಿದ್ದಾರಂತೆ. ಅಪ್ಪನಿಗೆ ಕೊಡಬೇಕಾದ ಉತ್ತರಗಳಲ್ಲಿ ಉಳಿಯುವ ಜಾಗದ್ದು ಇನ್ನೂ ಬಾಕಿ. ಈ ಮಧ್ಯೆ ಮದುವೆಯ ಮಾತೂ ಎದ್ದಿದೆ, ಮುಂದಿನ ಭೇಟಿಯಲ್ಲಿ ಅದನ್ನು ಮಾತಾಡಬೇಕು.