ದನಕ್ಕೆ ಕೊಡುವ ನೋವಿನ ಔಷಧಿ ನಿಷೇಧಿಸಿದರೆ ಮನುಷ್ಯರಿಗೆ ಏನು ಲಾಭ?

ಪ್ರಶ್ನೆ ಡೈಕ್ಲೋಫೆನಾಕ್ ಬಗ್ಗೆ ಅಂದುಕೊಂಡು ಉತ್ತರಿಸುತ್ತೇನೆ. ಭಾರತದಲ್ಲಿ ದನಕರುಗಳಿಗೆ ಅದನ್ನು ಕೊಡುವುದಕ್ಕೆ 2006ರಲ್ಲಿ ನಿಷೇಧ ಬಂತು. ಕಾರಣ ರಣಹದ್ದು.

ಈ ಔಷಧಿ ಮೈಯಲ್ಲಿ ಇರುವಾಗಲೇ ದನ ಸತ್ತರೆ, ಅದರ ಮಾಂಸ ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ಇದು ಪತ್ತೆಯಾಗಿದ್ದು 2004ರಲ್ಲಿ. ಅಷ್ಟರಲ್ಲಿ ನಮ್ಮ ಬಿಳಿಬೆನ್ನಿನ ರಣಹದ್ದುಗಳು ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಮಾಯವಾಗಿದ್ದವು.

ಹದ್ದು ಹೋದರೆ ನಮಗೇನು ಅಂತೀರಾ? ಊರಾಚೆ ಎಸೆದ ದನದ ಹೆಣವನ್ನು ಹದ್ದಿನ ಹಿಂಡು ಗಂಟೆಗಳಲ್ಲಿ ಖಾಲಿ ಮಾಡುತ್ತಿತ್ತು, ಸಂಬಳವಿಲ್ಲದ ಪೌರಕಾರ್ಮಿಕರ ಹಾಗೆ. ಅವು ಹೋದ ಮೇಲೆ ಹೆಣ ಕೊಳೆಯಿತು, ನೀರು ಕೆಟ್ಟಿತು, ಬೀದಿನಾಯಿಗಳಿಗೆ ಹಬ್ಬವಾಯಿತು. ನಾಯಿ ಹೆಚ್ಚಾದರೆ ರೇಬೀಸ್ ಭಯವೂ ಹೆಚ್ಚು, ಅಲ್ವಾ? ಹದ್ದುಗಳು ಇಲ್ಲವಾದ ಕಾರಣ 2000ದಿಂದ 2005ರವರೆಗೆ ವರ್ಷಕ್ಕೆ ಸುಮಾರು 1 ಲಕ್ಷ ಜನ ಹೆಚ್ಚುವರಿಯಾಗಿ ಸತ್ತಿರಬಹುದು ಎಂದು 2024ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಅಂದಾಜು ಮಾಡಿದರು. ಅದು ಅಂದಾಜೇ, ಆದರೂ ಎದೆ ಝಲ್ಲೆನ್ನುತ್ತದೆ.

ರೈತರಿಗೆ ನಷ್ಟವಾಗಲಿಲ್ಲವೇ? ಹದ್ದಿಗೆ ಹಾನಿ ಮಾಡದ ಮೆಲಾಕ್ಸಿಕಾಮ್ ಎಂಬ ಬೇರೆ ನೋವಿನ ಔಷಧಿ ಇತ್ತು. ಕಳ್ಳದಾರಿಯೂ ಇತ್ತು ಅನ್ನಿ: ಮನುಷ್ಯರಿಗೆಂದು ಬರುತ್ತಿದ್ದ ಡೈಕ್ಲೋಫೆನಾಕ್‌ನ ದೊಡ್ಡ ಸೀಸೆಯನ್ನೇ ದನಕ್ಕೆ ಚುಚ್ಚುತ್ತಿದ್ದರು. 2015ರಲ್ಲಿ ಆ ದೊಡ್ಡ ಸೀಸೆಗಳೂ ನಿಂತವು. 2023ರಲ್ಲಿ ದನಗಳಿಗೆ ಕೊಡುವ ಇನ್ನೆರಡು ನೋವಿನ ಔಷಧಿಗಳಾದ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ನಿಷೇಧದ ಪಟ್ಟಿ ಸೇರಿದವು. ಹದ್ದುಗಳು ಮಾತ್ರ ಬೇಗ ವಾಪಸ್ ಬರುವುದಿಲ್ಲ. ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ.