ರೆಕ್ಕೆ ಆಮೇಲೆ ಬಂದದ್ದು

ಶಹಾಪುರದಿಂದ ಶಿಕ್ಷಕಿಯೊಬ್ಬರು ಎರಡು ಪುಟದ ಕಾಗದ ಬರೆದಿದ್ದಾರೆ. ಎಂಟನೇ ಕ್ಲಾಸಿನ ಮಕ್ಕಳನ್ನು ಯಾದಗಿರಿಗೆ ಕರೆದುಕೊಂಡು ಹೋಗಿದ್ದಾಗ ಒಂದು ಬೋರ್ಡಿನ ಮೇಲೆ ‘ಇವ್ಯಾಂಜೆಲಿಕಲ್’ ಎಂಬ ಪದ ಕಂಡಿತಂತೆ. ಒಬ್ಬ ಹುಡುಗ ‘ಈವ್ನಿಂಗ್ ಏಂಜಲ್’ ಅಂದ. ಇನ್ನೊಬ್ಬಳು ‘ಅಲ್ಲೋ, ಇವಿಲ್ ಏಂಜಲ್’ ಅಂದಳು. ಸ್ಟಾಫ್ ರೂಮಿನಲ್ಲಿ ಕೇಳಿದರೆ ಒಬ್ಬ ಮಾಸ್ತರರು ‘ಮತಾಂತರ ಮಾಡೋರು ಅಂತ ಅರ್ಥ, ಅದೆಲ್ಲಾ ಯಾಕ್ರಿ ಮೇಡಂ’ ಎಂದು ಮಾತು ಮುಗಿಸಿದರು. ಈಗ ಅವರ ಪ್ರಶ್ನೆ ಮೂರು. ಏಂಜಲ್ ಅಂದರೆ ನಮ್ಮ ಅಪ್ಸರೆಯಾ, ಗಂಧರ್ವನಾ? ಇವ್ಯಾಂಜೆಲಿಕಲ್‌ಗೂ ಅದಕ್ಕೂ ನಂಟಿದೆಯಾ? ಡಿಸೆಂಬರಿನಲ್ಲಿ ಶಾಲೆಯ ಕ್ರಿಸ್‌ಮಸ್ ನಾಟಕಕ್ಕೆ, ಯೇಸು ಹುಟ್ಟುವ ಸುದ್ದಿಯನ್ನು ತಾಯಿ ಮರಿಯಳಿಗೆ ತಂದ ಏಂಜಲ್ ಗಬ್ರಿಯೇಲನ ಪಾತ್ರಧಾರಿಗೆ ಥರ್ಮೋಕೋಲಿನ ರೆಕ್ಕೆ ಮಾಡಿಸಬೇಕಾ, ಬೇಡವಾ?

ಮೇಡಂ, ನಿಮ್ಮ ಮಕ್ಕಳ ಕಿವಿ ಚುರುಕಾಗಿದೆ. ‘ಈವ್ನಿಂಗ್’ ತಪ್ಪು, ‘ಇವಿಲ್’ ಅಂತೂ ಪೂರ್ತಿ ಉಲ್ಟಾ. ಆದರೆ ಆ ಪದದ ಹೊಟ್ಟೆಯಲ್ಲಿ ಏಂಜಲ್ ಇದೆ ಎಂದು ಇಬ್ಬರಿಗೂ ಕೇಳಿಸಿತಲ್ಲ, ಅದು ಸರಿ.

ಏಂಜಲ್ ಬಂದದ್ದು ಗ್ರೀಕಿನ ‘ಆಂಗೆಲೋಸ್’ನಿಂದ. ಅರ್ಥ ತೀರಾ ಸಾದಾ: ಸುದ್ದಿ ತರುವವನು, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವವನು. ಅದರಲ್ಲಿ ಸ್ವರ್ಗವೂ ಇಲ್ಲ, ರೆಕ್ಕೆಯೂ ಇಲ್ಲ. ರಾಜನ ಓಲೆ ಹಿಡಿದು ಓಡುವವನೂ ಆಂಗೆಲೋಸ್, ಬೀಗರ ಊರಿಗೆ ಹೋಗಿ ‘ಹಿರಿಯರು ಬರ್ಬೇಕಂತ’ ಎಂದು ಹೇಳಿಬರುವವನೂ ಆಂಗೆಲೋಸ್. ಯೆಹೂದ್ಯರ ಗ್ರಂಥದಲ್ಲಿ ಇದೇ ಅರ್ಥದ ಹೀಬ್ರೂ ಪದ ‘ಮಲಾಖ್’. ದೇವರು ಕಳಿಸಿದವನಿಗೂ, ಅರಸು ಕಳಿಸಿದವನಿಗೂ ಅದೊಂದೇ ಪದ. ಕ್ರಿಸ್ತನಿಗೆ ಎರಡು ಮೂರು ಶತಮಾನ ಮೊದಲು ಆ ಗ್ರಂಥ ಗ್ರೀಕಿಗೆ ಬಂದಾಗ ಮಲಾಖ್ ಇದ್ದಲ್ಲಿ ಆಂಗೆಲೋಸ್ ಬಂದು ಕೂತಿತು.

ನಿಮ್ಮಲ್ಲಿ ಬೈಬಲ್ ಇದ್ದರೆ ಲೂಕನ ಸುವಾರ್ತೆಯ 7ನೇ ಅಧ್ಯಾಯ, 24ನೇ ವಚನ ತೆಗೆಯಿರಿ. ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಯೋಹಾನ ಆಗ ಜೈಲಿನಲ್ಲಿದ್ದ, ಯೇಸುವನ್ನು ಒಂದು ಮಾತು ಕೇಳಿಬರಲು ತನ್ನ ಕಡೆಯವರನ್ನು ಕಳಿಸಿರುತ್ತಾನೆ. ಅವರು ಕೇಳಿಕೊಂಡು ವಾಪಸ್ ಹೊರಡುತ್ತಾರೆ. ಗ್ರೀಕ್ ಮೂಲದಲ್ಲಿ ಆ ಧೂಳುಗಾಲಿನ ಮನುಷ್ಯರಿಗೂ ಇದೇ ಆಂಗೆಲೋಸ್ ಪದ! ಇಂಗ್ಲಿಷಿನಲ್ಲಿ ಓದಿದರೆ ಇದು ಕಾಣುವುದೇ ಇಲ್ಲ. ಯಾಕೆಂದರೆ ನಡುವೆ ಲ್ಯಾಟಿನ್ ಬಂತು. ಲ್ಯಾಟಿನ್ ಬೈಬಲ್ ಮಾಡಿದವರು ಮನುಷ್ಯ ದೂತನಿಗೆ ತಮ್ಮದೇ ‘ನುನ್ತಿಯುಸ್’ ಇಟ್ಟುಕೊಂಡರು. ದೇವರ ದೂತನಿಗೆ ಮಾತ್ರ ಗ್ರೀಕ್ ಪದವನ್ನೇ ‘ಆಂಜೆಲುಸ್’ ಎಂದು ಉಳಿಸಿದರು. ಆಂಗೆಲೋಸ್ ನೆಲ ಬಿಟ್ಟು ಮೇಲೆ ಹೋದದ್ದು ಹೀಗೆ.

ಹಾಗಾಗಿ ಅಪ್ಸರೆಯೂ ಅಲ್ಲ, ಗಂಧರ್ವನೂ ಅಲ್ಲ. ಅವರು ಕುಣಿಯುವವರು, ಹಾಡುವವರು. ನಮ್ಮಲ್ಲಿ ಹೋಲಿಕೆ ಬೇಕೇ ಬೇಕೆಂದರೆ ಲಂಕೆಗೆ ಉಂಗುರ ಒಯ್ದು, ಸೀತೆಯನ್ನು ಕಂಡ ಸುದ್ದಿ ಹೊತ್ತು ತಂದ ಹನುಮಂತನ ಆ ಒಂದು ಕೆಲಸವನ್ನು ನೆನೆಯಿರಿ. ಕನ್ನಡದ ‘ದೇವದೂತ’ ಈ ವಿಷಯದಲ್ಲಿ ಇಂಗ್ಲಿಷಿಗಿಂತ ಮೂಲಕ್ಕೆ ಹತ್ತಿರ. ದೂತ ಅಂದಕೂಡಲೇ ಯಾರೋ ಕಳಿಸಿದ್ದಾರೆ ಎಂದು ನಮಗೆ ಗೊತ್ತಾಗುತ್ತದೆ. ಒಂದೇ ತೊಂದರೆ, ನಮ್ಮ ಕಡೆ ದೂತ ಅಂದರೆ ಮೊದಲು ನೆನಪಾಗುವುದು ಯಮದೂತ!

ಈಗ ಬೋರ್ಡಿನ ಪದ. ಗ್ರೀಕಿನಲ್ಲಿ ‘ಎಉ’ ಅಂದರೆ ಒಳ್ಳೆಯದು. ಅದಕ್ಕೆ ಸುದ್ದಿ ಸೇರಿದರೆ ‘ಎಉಆಂಗೆಲಿಯೋನ್’, ಒಳ್ಳೆಯ ಸುದ್ದಿ. ಲ್ಯಾಟಿನ್ನಿನಲ್ಲಿ ಉ ಮತ್ತು ವ ಎರಡಕ್ಕೂ ಒಂದೇ ಅಕ್ಷರ. ಆ ದಾರಿಯಲ್ಲಿ ‘ಎಉ’ ಹೋಗಿ ‘ಎವ್’ ಆಯಿತು, ಇಂಗ್ಲಿಷಿನಲ್ಲಿ ‘ಇವ್’ ಆಯಿತು. ನಿಮ್ಮ ವಿದ್ಯಾರ್ಥಿನಿಗೆ ಇವಿಲ್ ಎಂದು ಕೇಳಿಸಿದ ತುಂಡಿನ ನಿಜವಾದ ಅರ್ಥ ಒಳ್ಳೆಯದು ಅಂತ.

ಇದಕ್ಕೂ ಹಿಂದಿನ ಅರ್ಥ ನನಗೆ ಇನ್ನೂ ಜಾಸ್ತಿ ಇಷ್ಟ. ಹಳೆಯ ಗ್ರೀಕಿನಲ್ಲಿ ಎಉಆಂಗೆಲಿಯೋನ್ ಎಂದರೆ ಒಳ್ಳೆಯ ಸುದ್ದಿ ತಂದವನಿಗೆ ಕೊಡುವ ಇನಾಮು. ನಮ್ಮ ಮನೆಯಲ್ಲಿ ಅಜ್ಜಿ ಹೀಗೇ ಮಾಡುತ್ತಿದ್ದಳು. ಯಾರಾದರೂ ಓಡಿಬಂದು ‘ಅಮ್ಮಾ, ಹೆರಿಗಿ ಆಯ್ತು, ಕೂಸು ತಾಯಿ ಛಲೋ ಅದಾರ’ ಎಂದರೆ ಪೂರ್ತಿ ಕೇಳುವುದಕ್ಕೂ ಮೊದಲೇ ಡಬ್ಬಿಗೆ ಕೈ ಹಾಕಿ ಒಂದು ಚಿಟಿಕೆ ಸಕ್ಕರೆ ಅವರ ಬಾಯಿಗೆ ಹಾಕುತ್ತಿದ್ದಳು. ಆ ಸಕ್ಕರೆಗೆ ಗ್ರೀಕಿನಲ್ಲಿ ಒಂದು ಪದವೇ ಇತ್ತು ಅಂದರೆ ಅವಳು ನಂಬುತ್ತಿದ್ದಳೋ ಇಲ್ಲವೋ. ಇನಾಮಿನಿಂದ ಸುದ್ದಿಗೆ ಅರ್ಥ ಜಾರಿತು. ರಾಜಕೀಯಕ್ಕೂ ಹೋಯಿತು. ಕ್ರಿಸ್ತಪೂರ್ವ 9ರ ಒಂದು ಶಾಸನ ಇವತ್ತಿನ ಟರ್ಕಿಯ ಪ್ರಿಯೇನೆಯಲ್ಲಿ ಸಿಕ್ಕಿದೆ. ಅದು ರೋಮಿನ ಚಕ್ರವರ್ತಿ ಅಗಸ್ಟಸ್‌ನ ಹುಟ್ಟುಹಬ್ಬಕ್ಕೆ ಇದೇ ಪದ ಬಳಸುತ್ತದೆ. ಆಮೇಲೆ ಕ್ರೈಸ್ತರು ಇದನ್ನು ತಮ್ಮ ಸುದ್ದಿಗೆ ಇಟ್ಟುಕೊಂಡರು.

ಇಂಗ್ಲಿಷಿನ ‘ಗಾಸ್ಪೆಲ್’ ಕೂಡ ಇದರದೇ ಅನುವಾದ. ಹಳೆಯ ಇಂಗ್ಲಿಷಿನಲ್ಲಿ ಅದು ‘ಗೋಡ್‌ಸ್ಪೆಲ್’. ಗೋಡ್ ಅಂದರೆ ಒಳ್ಳೆಯ, ಸ್ಪೆಲ್ ಅಂದರೆ ಮಾತು, ಸುದ್ದಿ. ಮುಂದೆ ಜನ ಅದನ್ನು ಗಾಡ್, ಅಂದರೆ ದೇವರು, ಎಂದೇ ತಿಳಿದರು. ಕನ್ನಡದವರು ಹೀಗೆ ಎಡವಲಿಲ್ಲ. ಪ್ರೊಟೆಸ್ಟೆಂಟರ ‘ಸುವಾರ್ತೆ’, ಕ್ಯಾಥೊಲಿಕರ ‘ಶುಭಸಂದೇಶ’ ಎರಡೂ ಮೂಲಕ್ಕೆ ಅಳತೆ ಹಿಡಿದು ಹೊಲಿದ ಅಂಗಿ. ಕಳಕೊಂಡದ್ದು ಒಂದೇ. ದೂತ, ಸುವಾರ್ತೆ ಎಂದಾಗ ಅವೆರಡೂ ಒಂದೇ ಬೇರಿನವು ಎಂದು ಕಾಣುವುದಿಲ್ಲ. ಅದೇ ಲೂಕ 2:10ರಲ್ಲಿ ದೂತ ಕುರುಬರಿಗೆ ‘ಹೆದರಬೇಡಿ, ಒಳ್ಳೆಯ ಸುದ್ದಿ ತಂದಿದ್ದೇನೆ’ ಎನ್ನುತ್ತಾನೆ. ಗ್ರೀಕಿನಲ್ಲಿ ಹೇಳುವವನ ಹೆಸರೂ, ಹೇಳುವ ಕೆಲಸದ ಹೆಸರೂ ಒಂದೇ ಬೇರಿನಿಂದ ಹುಟ್ಟಿವೆ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಆ ಒಂದು ವಚನದಲ್ಲೇ ಇದೆ.

ಕಲಬುರಗಿಯಲ್ಲಿ ಕೂತು ಇದನ್ನು ಬರೆಯುವಾಗ ಪಕ್ಕದ ಉರ್ದುವನ್ನು ಬಿಡಲು ಆಗುವುದಿಲ್ಲ. ನಮ್ಮ ಆಫೀಸಿನ ಕೆಳಗೆ ಚಹಾ ಅಂಗಡಿಯಿದೆ. ಅಲ್ಲಿಯ ಚಾಚಾನಿಗೆ ಏಂಜಲ್ ಅಂದರೆ ‘ಫರಿಶ್ತಾ’. ಇದು ಫಾರಸಿ. ಬೇರಿನ ಅರ್ಥ ‘ಕಳಿಸಲ್ಪಟ್ಟವನು’. ಸಂಸ್ಕೃತದ ‘ಪ್ರೇಷಿತ’ ಇದರ ಹತ್ತಿರದ ದಾಯಾದಿ. ಕ್ಯಾಥೊಲಿಕ್ ಕನ್ನಡದಲ್ಲಿ ಯೇಸುವಿನ ಹನ್ನೆರಡು ಜನರನ್ನು ‘ಪ್ರೇಷಿತರು’ ಅನ್ನುತ್ತಾರಲ್ವಾ, ಅದೇ ಪದ. ಚಾಚಾನ ಫರಿಶ್ತಾ, ಇಗರ್ಜಿಯ ಪ್ರೇಷಿತ ಎರಡೂ ಒಂದೇ ಮನೆಯ ಮಕ್ಕಳು. ಇನ್ನು ಕುರಾನಿನಲ್ಲಿ ಯೇಸುವಿನ ಗ್ರಂಥಕ್ಕೆ ಬರುವ ‘ಇಂಜೀಲ್’ ಎಂಬ ಹೆಸರು ಇದೆಯಲ್ಲ, ಅದು ಎಉಆಂಗೆಲಿಯೋನ್ ಸವೆದು ಸವೆದು ಅರಬ್ಬಿಗೆ ಬಂದ ರೂಪ. ಬಹಮನಿ ಇತಿಹಾಸ ಓದಿದವರಿಗೆ ‘ಫಿರಿಶ್ತಾ’ ಇನ್ನೊಂದು ರೀತಿಯಲ್ಲೂ ಗೊತ್ತು. ವಿಜಯಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಕೂತು ನಮ್ಮ ಕಲಬುರಗಿ, ಬೀದರದ ಸುಲ್ತಾನರ ಕಥೆ ಬರೆದ ಮುಹಮ್ಮದ್ ಕಾಸಿಂ ತನಗೆ ಇಟ್ಟುಕೊಂಡ ಹೆಸರು ಅದು. ಬಹಮನಿಗಳ ಸುದ್ದಿ ನಮಗೆ ಮುಟ್ಟಿಸಿದವನೂ ಹೆಸರಿನಿಂದ ಏಂಜಲ್ಲೇ.

ನಿಮ್ಮ ಸ್ಟಾಫ್ ರೂಮಿನ ಮಾಸ್ತರರು ಮೂರು ಪದಗಳನ್ನು ಒಂದೇ ಗಂಟು ಕಟ್ಟಿದ್ದಾರೆ. ಸುವಾರ್ತೆ ಸಾರುವ ಕೆಲಸ ‘ಇವ್ಯಾಂಜೆಲಿಸಂ’. ಅದನ್ನು ಮಾಡುವವರು ‘ಇವ್ಯಾಂಜೆಲಿಸ್ಟ್’, ಕನ್ನಡ ಬೈಬಲ್ಲಿನ ‘ಸುವಾರ್ತಿಕ’. ಮತ್ತಾಯ, ಮಾರ್ಕ, ಲೂಕ, ಯೋಹಾನ ನಾಲ್ವರನ್ನೂ ಹಾಗೇ ಕರೆಯುತ್ತಾರೆ. ‘ಇವ್ಯಾಂಜೆಲಿಕಲ್’ ಮಾತ್ರ ಗುಣವಾಚಕ, ಸುವಾರ್ತೆಗೆ ಸೇರಿದ್ದು ಅಂತ. 16ನೇ ಶತಮಾನದಲ್ಲಿ ಪ್ರೊಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಜರ್ಮನಿಯ ಮಾರ್ಟಿನ್ ಲೂಥರನ ಕಡೆಯವರು ಈ ಹೆಸರು ಹಿಡಿದರು. ಜರ್ಮನಿಯಲ್ಲಿ ಇವತ್ತಿಗೂ ಅದಕ್ಕೆ ಪ್ರೊಟೆಸ್ಟೆಂಟ್ ಎಂದಷ್ಟೇ ಅರ್ಥ. ಇಂಗ್ಲೆಂಡಿನಲ್ಲಿ 1730ರ ದಶಕದಿಂದ ಜಾನ್ ವೆಸ್ಲಿ, ಜಾರ್ಜ್ ವಿಟ್‌ಫೀಲ್ಡ್ ಬಯಲಿನಲ್ಲಿ ನಿಂತು ಬೋಧಿಸಿದ ಚಳವಳಿಗೂ ಅದೇ ಹೆಸರು ಬಿತ್ತು. ಬೀದರ, ಯಾದಗಿರಿಯ ಮೆಥಡಿಸ್ಟ್ ಚರ್ಚುಗಳು, ಜನ ‘ಮಿಷನ್ ದವಾಖಾನಿ’ ಅನ್ನುವ ಆಸ್ಪತ್ರೆಗಳು ಆ ವೆಸ್ಲಿಯ ಬಳ್ಳಿಯವೇ.

ಇವತ್ತಿನ ಇವ್ಯಾಂಜೆಲಿಕಲ್‌ರ ಗುರುತು ಏನು? ಡೇವಿಡ್ ಬೆಬಿಂಗ್ಟನ್ ಎಂಬ ಬ್ರಿಟಿಷ್ ಇತಿಹಾಸಕಾರ 1989ರಲ್ಲಿ ನಾಲ್ಕು ಲಕ್ಷಣ ಹೇಳಿದ. ಬೈಬಲ್ಲೇ ಕೊನೆಯ ಮಾತು, ಶಿಲುಬೆಯೇ ನಡುಗಂಬ, ಮನಸ್ಸು ತಿರುಗಿ ಹೊಸದಾಗಿ ಹುಟ್ಟಬೇಕು, ನಂಬಿದ್ದನ್ನು ನಡೆದು, ದುಡಿದು ತೋರಿಸಬೇಕು. ಮಾಸ್ತರರು ಹೇಳಿದ ಮತಾಂತರ ಈ ಮೂರನೆಯದರ ಸುತ್ತ ಬರುತ್ತದೆ, ಒಪ್ಪೋಣ. ಆದರೆ ಅಲ್ಲಿ ಮುಖ್ಯ ಮಾತು ಒಳಗಿನ ತಿರುವು. ಹುಟ್ಟಿನಿಂದ ಕ್ರೈಸ್ತನಾದವನಿಗೂ ಅದು ಬೇಕು ಎನ್ನುತ್ತಾರೆ ಅವರು. ವೆಸ್ಲಿಗೆ 1738ರಲ್ಲಿ ಲಂಡನ್ನಿನಲ್ಲಿ ‘ಎದೆ ಬೆಚ್ಚಗಾಯಿತು’ ಅನ್ನಿಸಿದಾಗ ಅವನು ಆಗಲೇ ಪಾದ್ರಿಯಾಗಿದ್ದ. ಅದನ್ನು ಒಪ್ಪುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಪದದ ಅರ್ಥ ಮಾತ್ರ ಅಷ್ಟಕ್ಕೇ ಮುಗಿಯುವುದಿಲ್ಲ.

ಪತ್ರಿಕೆಯವನಾಗಿ ಒಂದು ಮಾತು ಸೇರಿಸದಿದ್ದರೆ ನನಗೆ ಸಮಾಧಾನವಿಲ್ಲ. ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಪೂರ್ತಿ ಹೆಸರಿನಲ್ಲೂ ಇವ್ಯಾಂಜೆಲಿಕಲ್ ಇತ್ತು. ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ಹೊರತಂದ. ಆ ನೆನಪಿಗೇ ನಾವು ಜುಲೈ 1ರಂದು ಪತ್ರಿಕಾ ದಿನ ಮಾಡುವುದು. ಪತ್ರಿಕೆಯ ಹೆಸರು ‘ಮಂಗಳೂರ ಸಮಾಚಾರ’. ಒಳ್ಳೆಯ ಸುದ್ದಿ ಎಂಬ ಹೆಸರು ಹೊತ್ತವರು ನಮಗೆ ಬರೀ ಸುದ್ದಿಯನ್ನೂ ಅಚ್ಚು ಹಾಕಿ ಕೊಟ್ಟರು.

ಏಂಜಲ್ ಈಗ ಎಲ್ಲೆಲ್ಲೋ ಅಲೆಯುತ್ತಿದೆ. ಹೊಸ ಕಂಪನಿಗೆ ಮೊದಲ ದುಡ್ಡು ಹಾಕುವವರು ‘ಏಂಜಲ್ ಇನ್ವೆಸ್ಟರ್’. ನ್ಯೂಯಾರ್ಕಿನಲ್ಲಿ ನಾಟಕಕ್ಕೆ ಬಂಡವಾಳ ಹಾಕುತ್ತಿದ್ದ ಸಾಹುಕಾರರಿಂದ ಬಂದ ಹೆಸರು ಅದು. ನಮ್ಮ ಸರ್ಕಾರ 2012ರಲ್ಲಿ ‘ಏಂಜಲ್ ಟ್ಯಾಕ್ಸ್’ ಹಾಕಿ 2024ರಲ್ಲಿ ತೆಗೆದೂ ಹಾಕಿತು. ಆದರೆ ಕಬ್ಬಿಣದಂಗಡಿಯ ‘ಆಂಗಲ್’ ಬೇರೆ. ಅದು ಮೂಲೆ ಎಂಬ ಅರ್ಥದ ಲ್ಯಾಟಿನ್ ಪದ. ಇದು ನನಗೆ ಹೇಗೆ ಗೊತ್ತು ಅಂದರೆ, ನಾನು ಪ್ರೂಫ್ ನೋಡುತ್ತಿದ್ದ ಕಾಲದಲ್ಲಿ ಒಂದು ಜಾಹೀರಾತು ‘ನಮ್ಮಲ್ಲಿ ಉತ್ತಮ ಏಂಜಲ್‌ಗಳು ಕಿಲೋ ಲೆಕ್ಕದಲ್ಲಿ ಸಿಗುತ್ತವೆ’ ಎಂದು ಅಚ್ಚಾಯಿತು. ತಪ್ಪು ನನ್ನದೇ. ಅಂಗಡಿಯವರು ನಕ್ಕು ಬಿಟ್ಟರು, ದುಡ್ಡು ಮಾತ್ರ ಕೊಡಲಿಲ್ಲ.

ಕೊನೆಗೆ ರೆಕ್ಕೆ. ಬೈಬಲ್ಲಿನಲ್ಲಿ ರೆಕ್ಕೆ ಇರುವುದು ಮುಖ್ಯವಾಗಿ ದೇವರ ಸನ್ನಿಧಿಯಲ್ಲಿರುವ ಕೆರೂಬಿ, ಸೆರಾಫಿ ಎಂಬ ಜೀವಿಗಳಿಗೆ. ಪ್ರವಾದಿ ಯೆಶಾಯ ಕಂಡ ಸೆರಾಫಿಗಳಿಗೆ ತಲಾ ಆರು. ಸುದ್ದಿ ತರುವ ದೂತರು ಹೆಚ್ಚಾಗಿ ಸಾದಾ ಗಂಡಸರ ಹಾಗೆ ಬಂದು ಹೋಗುತ್ತಾರೆ. ಅಬ್ರಹಾಮನ ಡೇರೆಯ ಮುಂದೆ ಬಂದ ಮೂವರಿಗೆ ಅವನು ಕಾಲಿಗೆ ನೀರು ಕೊಟ್ಟು, ರೊಟ್ಟಿ ಮಾಡಿಸಿ ಬಡಿಸಿದ. ಕ್ರೈಸ್ತ ಚಿತ್ರಗಳಲ್ಲೂ 4ನೇ ಶತಮಾನದ ಕೊನೆಯ ಹೊತ್ತಿಗಷ್ಟೇ ದೂತರಿಗೆ ರೆಕ್ಕೆ ಹತ್ತಿದ್ದು. ಲೂಕ ಗಬ್ರಿಯೇಲನನ್ನು ಮರಿಯಳ ಮನೆಗೆ ಕಳಿಸುವಾಗ ರೆಕ್ಕೆಯ ಮಾತೇ ಎತ್ತುವುದಿಲ್ಲ.

ಆದರೂ ಮೇಡಂ, ಥರ್ಮೋಕೋಲ್ ತಂದಾಗಿದ್ದರೆ ರೆಕ್ಕೆ ಕಟ್ಟಿಸಿಬಿಡಿ. ರೆಕ್ಕೆ ಇಲ್ಲದ ಗಬ್ರಿಯೇಲನನ್ನು ಪಾಲಕರು ಒಪ್ಪುವುದಿಲ್ಲ, ಆ ಹುಡುಗನೂ ಒಪ್ಪುವುದಿಲ್ಲ. ಜೊತೆಗೆ ಅವನ ಹೆಗಲಿಗೆ ಒಂದು ಖಾಕಿ ಬ್ಯಾಗು ಹಾಕಿ, ಒಳಗೆ ಒಂದು ಕಾಗದ ಇಡಿ. ಮರಿಯಳ ಪಾತ್ರದ ಹುಡುಗಿಯ ಕೈಗೆ ಒಂದು ಚಿಟಿಕೆ ಸಕ್ಕರೆಯನ್ನೂ ಕೊಟ್ಟಿರಿ.