ತೂತಿನ ಮಣೆ ಯಾವ ಆಟದ್ದು?

ಪ್ರಶ್ನೆ: ಸರ್, ನಾವಿರೋದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಇಲ್ಲಿ ಭಾನುವಾರದ ಹಳೇ ಸಾಮಾನಿನ ಸಂತೆಲಿ ಮೂರು ಪೌಂಡಿಗೆ ಒಂದು ಮರದ ಪಟ್ಟಿ ಸಿಕ್ತು. ಒಂದು ಗೇಣಿಗಿಂತ ಸ್ವಲ್ಪ ಉದ್ದ, ಮೇಲೆಲ್ಲಾ ಸಾಲುಸಾಲು ಸಣ್ಣ ತೂತು, ಕೆಳಗೆ ಜಾರೋ ಮುಚ್ಚಳ, ಒಳಗೆ ಬಿಳೀ ಕಡ್ಡಿ ನಾಲ್ಕು. ಇದೇನು ನಮ್ಮ ಚೆನ್ನೆಮಣೆ ತರದ್ದಾ? ಇದನ್ನ ಕಂಡುಹಿಡಿದೋರು ಯಾರು? ಪಾಲಿಶ್ ಮಾಡಿಸ್ಲಾ?

ಉತ್ತರ: ಮೊದಲು ಕೊನೇ ಪ್ರಶ್ನೆಗೆ ಹೇಳ್ತೀನಿ, ಪಾಲಿಶ್ ಬೇಡ, ದಯವಿಟ್ಟು ಬೇಡ. ಮೇಣ ಹೋಗಿ ತೂತಿನೊಳಗೆ ಕೂತ್ರೆ ತೆಗೆಯೋದು ಕಷ್ಟ, ಜೊತೆಗೆ ನೂರಾರು ಸಲ ಕೈ ಆಡಿ ಬಂದಿರೋ ಹೊಳಪೂ ಹೋಗುತ್ತೆ. ಒಣ ಮೆತ್ತನೆ ಬ್ರಶ್ಶಲ್ಲಿ ಧೂಳು ತೆಗೀರಿ, ಸಾಕು.

ಇದು ಚೆನ್ನೆಮಣೆ ಅಲ್ಲ, ಕ್ರಿಬೇಜ್ ಅನ್ನೋ ಇಸ್ಪೀಟಾಟದ ಮಣೆ. ಆಟ ನಡೆಯೋದು ಎಲೆಗಳಲ್ಲಿ, ಮಣೆ ಇರೋದು ಪಾಯಿಂಟ್ ಲೆಕ್ಕಕ್ಕೆ ಮಾತ್ರ. ಎಲೆಗಳ ಬೆಲೆ ಕೂಡಿ ಹದಿನೈದಾದ್ರೆ ಎರಡು ಪಾಯಿಂಟ್, ಜೋಡಿ ಬಂದ್ರೆ ಎರಡು, ಹೀಗೆ ಹೋಗುತ್ತೆ. ನಿಮ್ಮ ಮಣೇಲಿ ಒಬ್ಬೊಬ್ಬರ ಕಡೆ ಮೂವತ್ತು ಮೂವತ್ತರ ಎರಡು ಸಾಲು ಇದ್ಯಾ ಎಣಿಸಿ ನೋಡಿ. ಇದ್ರೆ ಹಳೇ ಮಾದರಿ ಅದು, ಅರವತ್ತು ದಾಟಿ 61ನೇ ತೂತಿಗೆ ಹೋದೋರು ಗೆದ್ದಂಗೆ, ಈಗ ಜಾಸ್ತಿ ಆಡೋ ಆರು ಎಲೆ ಆಟಕ್ಕೆ 121 ಬೇಕು, ಅದಕ್ಕೆ ಅದೇ ಮಣೇನ ಎರಡು ಸುತ್ತು ಹಾಕ್ತಾರೆ. ಕಡ್ಡಿ ಒಬ್ಬೊಬ್ಬರಿಗೆ ಎರಡು ಯಾಕೆ ಅಂದ್ರೆ ಹಿಂದಿನ ಕಡ್ಡಿ ಕಿತ್ತು ಮುಂದಿನದನ್ನ ದಾಟಿಸಿ ಚುಚ್ತಾರೆ, ಆಗ ಹಳೇ ಲೆಕ್ಕ ಕಣ್ಣಮುಂದೇನೇ ಇರುತ್ತೆ, ತಪ್ಪಾಯ್ತು ಅಂತ ಜಗಳ ಬಂದ್ರೆ ಎಣಿಸಿ ತೋರಿಸಬಹುದು. ಎಂಥಾ ಸರಳ ಉಪಾಯ ನೋಡಿ, ನನಗಂತೂ ಇದು ಇಡೀ ಆಟಕ್ಕಿಂತ ಇಷ್ಟ!

ಕಂಡುಹಿಡಿದೋರು ಅಂತ ಹೆಸರು ಬರೋದು ಸರ್ ಜಾನ್ ಸಕ್ಲಿಂಗ್ ಅನ್ನೋ ಇಂಗ್ಲಿಷ್ ಕವಿದು. 1609ರಲ್ಲಿ ಹುಟ್ಟಿದವನು, ಮೂವತ್ತು ದಾಟಿ ಸ್ವಲ್ಪದರಲ್ಲೇ ಸತ್ತೋದ. ಜಾನ್ ಆಬ್ರೆ ಅನ್ನೋನು ಅದೇ ಶತಮಾನದಲ್ಲಿ ಬರೆದಿಟ್ಟ ಪ್ರಕಾರ ಈ ಸಕ್ಲಿಂಗ್ ಗುಟ್ಟಾಗಿ ಗುರುತು ಹಾಕಿದ ಎಲೆಗಳನ್ನ ಊರೂರಿನ ಜೂಜಿನ ಜಾಗಕ್ಕೆ ಕಳಿಸಿ ಇಪ್ಪತ್ತು ಸಾವಿರ ಪೌಂಡ್ ಹೊಡೆದನಂತೆ. ಆದ್ರೆ ಆಟ ಪೂರ್ತಿ ಅವನದೇ ಅಲ್ಲ, ಅದಕ್ಕೂ ಮೊದಲೇ ನಾಡಿ (Noddy) ಅನ್ನೋ ಇಸ್ಪೀಟಾಟ ಇತ್ತು, ಅದರಿಂದ ಬೆಳೆದದ್ದು ಇದು. ಇಬ್ಬರೂ ಕೈಯಿಂದ ಬಿಟ್ಟ ಎಲೆಗಳನ್ನ ಸೇರಿಸಿ ಎಲೆ ಹಂಚಿದವನಿಗೇ ಇನ್ನೊಂದು ಕೈ ಎಲೆ ಕೊಡೋದೇ 'ಕ್ರಿಬ್', ಅದರಿಂದಲೇ ಆಟಕ್ಕೆ ಆ ಹೆಸರು.

ಆ ಬಿಳೀ ಕಡ್ಡಿ ಮೂಳೆದಾ ದಂತದ್ದಾ ಅಂತ ಭೂತಗನ್ನಡಿ ಹಿಡಿದು ನೋಡಿ. ಸಣ್ಣ ಸಣ್ಣ ಕಪ್ಪು ಚುಕ್ಕೆ, ಗೀರು ಕಂಡ್ರೆ ಮೂಳೆ. ಕಡ್ಡಿಯ ತುದಿ ಕತ್ತರಿಸಿದ ಕಡೆ ಒಂದರ ಮೇಲೊಂದು ಹಾಯ್ದ ಕಮಾನಿನಂಥಾ ಗೆರೆ ಕಂಡ್ರೆ ಆನೆದಂತ. ದಂತ ಆದ್ರೆ ಮಾರೋಕೆ ಹೋಗ್ಬೇಡಿ, 2022ರಿಂದ ಅಲ್ಲಿ ಕೆಲವೇ ವಿನಾಯಿತಿ ಬಿಟ್ಟು ಆನೆದಂತದ ವ್ಯಾಪಾರ ನಿಷೇಧ, ಊರಿಗೆ ಬರುವಾಗ ತರಬೇಡಿ ಕೂಡ. ಮನೇಲಿ ಇಟ್ಕೊಳ್ಳೋಕೆ ತೊಂದ್ರೆ ಇಲ್ಲ.

ಪ್ರಶ್ನೆ: ನಮ್ಮಜ್ಜನ ಪೆಟ್ಟಿಗೇಲಿ ದುಂಡನೇ ಬಣ್ಣದ ಎಲೆ 87 ಸಿಕ್ಕಿವೆ. ಮೈಸೂರು ಮಹಾರಾಜರೇ ಮಾಡಿಸಿದ್ದು ಅಂತ ಮನೇಲಿ ಹೇಳ್ತಾರೆ. ನಿಜಾನಾ?

ಉತ್ತರ: ಗಂಜೀಫಾ ಅನ್ನೋ ಹಳೇ ಕಾಲದ ಇಸ್ಪೀಟೆಲೆ ಇರಬೇಕು ಅಮ್ಮಾ, ಒಳ್ಳೇ ಪೆಟ್ಟಿಗೆ ಸಿಕ್ಕಿದೆ ನಿಮಗೆ. ಮುಮ್ಮಡಿ ಕೃಷ್ಣರಾಜ ಒಡೆಯರು ಆಟ ಕಟ್ಟೋದ್ರಲ್ಲಿ ಗಟ್ಟಿಗರು, ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರೋ ಲೆಕ್ಕ ಬಿಡಿಸಿದೋರು, 'ಚದ್' ಅನ್ನೋ ಎಲೆ ಆಟಗಳನ್ನ ರೂಪಿಸಿದೋರು. ಅವರ ಶ್ರೀತತ್ತ್ವನಿಧಿ ಅನ್ನೋ ಗ್ರಂಥದ ಕೌತುಕನಿಧಿ ಭಾಗದಲ್ಲಿ ಅವು ಬರ್ತವೆ, ಚಿಕ್ಕದು 36 ಎಲೆ, ದೊಡ್ಡದು 360! ಆದ್ರೆ ದುಂಡನೇ ಎಲೆ ಎಲ್ಲಾ ಅರಮನೇದೇ ಆಗಬೇಕು ಅಂತೇನಿಲ್ಲ. ದಶಾವತಾರ ಗಂಜೀಫಾದಲ್ಲಿ ಹತ್ತು ಬಣ್ಣ (ಇಸ್ಪೀಟಿನ ಆಟೀನು, ಕಳಾವರ್ ಇದ್ದಂಗೆ ಒಂದೊಂದು ಗುರುತಿನ ಗುಂಪು), ಬಣ್ಣಕ್ಕೆ ರಾಜ, ಮಂತ್ರಿ, ಒಂದರಿಂದ ಹತ್ತು, ಒಟ್ಟು 120. ಮೊಘಲ್ ಮಾದರೀಲಿ ಎಂಟು ಬಣ್ಣ, 96.

ನೀವು ಮಾಡಬೇಕಾದ್ದು ಇಷ್ಟೇ. ಒದ್ದೆ ಬಟ್ಟೆ ಮುಟ್ಟಿಸಬೇಡಿ, ಬಣ್ಣ ಎದ್ದು ಬರುತ್ತೆ. ಬಿಳೀ ಪಂಚೆ ಹಾಸಿ ಎಲೆಗಳನ್ನ ಹರಡಿ ಗುರುತು ನೋಡಿ ಗುಂಪು ಮಾಡಿ, ಮೀನು ಒಂದ್ಕಡೆ, ಆಮೆ ಒಂದ್ಕಡೆ, ಕೊಡಲಿ ಒಂದ್ಕಡೆ. ಒಂದೇ ಗುರುತಿನಲ್ಲಿ ಹನ್ನೆರಡಕ್ಕಿಂತ ಜಾಸ್ತಿ ಎಲೆ ಬಂದ್ರೆ ಮಾತ್ರ ಚದ್ ಇರಬಹುದು ಅಂತ ಆಸೆ ಇಟ್ಕೊಳ್ಳಿ, ಆಗ ಎಲ್ಲಾ ರಾಜರ ಎಲೆ ಒಂದೇ ಸಾಲಲ್ಲಿ ಜೋಡಿಸಿ ಫೋಟೋ ತೆಗೆದು ನನಗೆ ಕಳಿಸಿ, ಹಿಂದಿನ ಮೈ ಕೂಡ ಕಾಣೋ ಹಾಗೆ ಇನ್ನೊಂದು.